ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ಕೆಡುತ್ತಾರೆಯೇ? ಫಾರ್ವರ್ಡ್‌ಗಳು ಹೇಳುವುದೇನು, ನಿಜವೇನು?

2022ರ ನವೆಂಬರ್ ಕೊನೆ. ಮಕ್ಕಳು ಮೊಬೈಲ್ ತರುತ್ತಿದ್ದಾರೆಯೇ ಎಂದು ನೋಡಲು ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಬ್ಯಾಗ್ ತಪಾಸಣೆ ನಡೆಯಿತು. ಮೊಬೈಲ್ ಜೊತೆಗೆ ಸಿಗರೇಟು, ಲೈಟರ್ ಸಿಕ್ಕವು, ಕೆಲವರ ಬ್ಯಾಗಿನಲ್ಲಿ ಕಾಂಡೋಮ್ ಮತ್ತು ಗರ್ಭನಿರೋಧಕ ಮಾತ್ರೆಗಳೂ ಸಿಕ್ಕವು ಎಂದು ಪತ್ರಿಕೆಗಳಲ್ಲಿ ಬಂತು. ಅರೆಕೆರೆಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಆ ಸುದ್ದಿ ತಲುಪುವಷ್ಟರಲ್ಲಿ ಅದಕ್ಕೆ ಬಾಲ ಬೆಳೆದಿತ್ತು: "ನೋಡಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೊಟ್ಟಿದ್ದರ ಫಲ. ಹೆಣ್ಣುಮಕ್ಕಳಿರುವ ಎಲ್ಲರಿಗೂ ಕಳಿಸಿ."

ಎರಡು ತಿಂಗಳು ಕಳೆದ ಮೇಲೆ, 2023ರ ಜನವರಿಯಲ್ಲಿ, ಇನ್ನೊಂದು ಸಂದೇಶ ಬಂತು: "18 ವರ್ಷದ ಒಳಗಿನವರಿಗೆ ಕಾಂಡೋಮ್ ಮಾರುವುದನ್ನು ಕರ್ನಾಟಕ ನಿಷೇಧಿಸಿದೆ." ಅಂಥ ನಿಷೇಧ ಇಲ್ಲ, ಔಷಧ ಅಂಗಡಿಯವರು ಮಕ್ಕಳಿಗೆ ತಿಳಿವಳಿಕೆ ಹೇಳಬೇಕು ಎಂದಷ್ಟೇ ಸೂಚಿಸಲಾಗಿದೆ ಎಂದು ಔಷಧ ನಿಯಂತ್ರಣ ಇಲಾಖೆ ಸ್ಪಷ್ಟನೆ ಕೊಟ್ಟಿತು. ನಿಷೇಧದ ಸಂದೇಶ ಹತ್ತು ಗ್ರೂಪಿನಿಂದ ಬಂದಿತ್ತು. ಸ್ಪಷ್ಟನೆ ಒಂದರಿಂದಲೂ ಬರಲಿಲ್ಲ.

ಇನ್ನು "ಲೈಂಗಿಕ ಶಿಕ್ಷಣದ ಫಲ" ಎಂಬ ಮಾತು. ಹದಿಹರೆಯದವರ ಶಿಕ್ಷಣಕ್ಕಾಗಿ ಕೇಂದ್ರ ರೂಪಿಸಿದ್ದ ಕಾರ್ಯಕ್ರಮವನ್ನು ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು 2007ರಲ್ಲೇ ಬೇಡವೆಂದು ತಳ್ಳಿಹಾಕಿದ್ದವು. ನಮ್ಮಲ್ಲಿ ಬಹಳಷ್ಟು ಜನಕ್ಕೆ ಸಿಕ್ಕಿದ್ದು ಹತ್ತನೇ ತರಗತಿ ವಿಜ್ಞಾನದ ಸಂತಾನೋತ್ಪತ್ತಿ ಪಾಠ ಒಂದೇ. ಅದನ್ನೂ "ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಕ್ಕೆ ಹೋದ ತರಗತಿಯಲ್ಲಿ ಕುಳಿತವಳು ನಾನು. ಕೊಡದೇ ಇದ್ದ ಪಾಠದ ಫಲ ಅದು ಹೇಗಾದೀತು?

ಈ ವಿಷಯದಲ್ಲಿ ಪದೇಪದೇ ಹರಿದಾಡುವ ಏಳು ಮಾತುಗಳನ್ನು ಒಂದೊಂದಾಗಿ ನೋಡೋಣ. ಕೊನೆಯಲ್ಲಿ ಮನೆಯಲ್ಲಿ ಹೇಗೆ ಮಾತಾಡಬಹುದು, ಸಹಾಯ ಎಲ್ಲಿ ಸಿಗುತ್ತದೆ ಎಂಬ ವಿವರ ಇದೆ. ಓದಲು ಪುರಸೊತ್ತಿಲ್ಲದವರಿಗೆ ಒಂದೇ ಮಾತು: ನಾವು ಸುಮ್ಮನಿದ್ದ ಮಾತ್ರಕ್ಕೆ ಮಕ್ಕಳ ಪ್ರಶ್ನೆ ನಿಲ್ಲುವುದಿಲ್ಲ. ಅದು ಉತ್ತರ ಹುಡುಕಿಕೊಂಡು ಬೇರೆ ಬಾಗಿಲಿಗೆ ಹೋಗುತ್ತದೆ.

ಮೊದಲಿಗೆ, ಲೈಂಗಿಕ ಶಿಕ್ಷಣ ಎಂದರೆ ಏನು?

ಹೆಸರು ಕೇಳಿದ ಕೂಡಲೇ ಬಹಳ ಜನ "ಸಂಭೋಗ ಹೇಗೆಂದು ಹೇಳಿಕೊಡುವುದು" ಎಂದುಕೊಳ್ಳುತ್ತಾರೆ. ಅಸಲಿಗೆ ಅದು ಮೈ, ಮನಸ್ಸು, ಸಂಬಂಧ ಮತ್ತು ಸುರಕ್ಷತೆಯ ಪಾಠ. ಯುನೆಸ್ಕೊ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದನ್ನು ವಯಸ್ಸಿಗೆ ತಕ್ಕಂತೆ ನಾಲ್ಕು ಹಂತವಾಗಿ ಮಾಡುತ್ತದೆ. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ ಸುಮಾರು ಹೀಗೆ:

5ರಿಂದ 8 ವರ್ಷ: ದೇಹದ ಎಲ್ಲ ಭಾಗಗಳ ಹೆಸರು. ಖಾಸಗಿ ಭಾಗ ಯಾವುದು. ಇಷ್ಟವಿಲ್ಲದೆ ಯಾರಾದರೂ ಮುಟ್ಟಿದರೆ "ಬೇಡ" ಎನ್ನುವುದು, ಬಂದು ಹೇಳುವುದು.

9ರಿಂದ 12: ಮೈಯಲ್ಲಿ ಆಗುವ ಬದಲಾವಣೆ. ಮುಟ್ಟು ಎಂದರೇನು, ಸ್ವಪ್ನಸ್ಖಲನ ಎಂದರೇನು. ಇವು ಆಗುವ ಮೊದಲೇ ಹೇಳಬೇಕು.

12ರಿಂದ 15: ಆಕರ್ಷಣೆ, ಗೆಳೆತನ, ಒಪ್ಪಿಗೆ. ಗರ್ಭ ಹೇಗೆ ನಿಲ್ಲುತ್ತದೆ. ಆನ್‌ಲೈನಿನಲ್ಲಿ ಫೋಟೊ ಕೇಳುವವರ ಬಗ್ಗೆ ಎಚ್ಚರ.

15ರ ಮೇಲೆ: ಗರ್ಭನಿರೋಧಕ, ಲೈಂಗಿಕ ಸೋಂಕುಗಳು, ಕಾನೂನು, ಸಂಬಂಧದಲ್ಲಿ ಗೌರವ.

ಐದು ವರ್ಷದ ಮಗುವಿಗೆ ಹದಿನೈದರ ಪಾಠ ಹೇಳಿ ಎಂದು ಯಾರೂ ಹೇಳಿಲ್ಲ. ಒಂದನೇ ತರಗತಿಯಲ್ಲಿ ಕೂಡುವುದು ಕಳೆಯುವುದು ಕಲಿಸುತ್ತೇವೆ, ಬೀಜಗಣಿತ ಆಮೇಲೆ ಬರುತ್ತದೆ. ಇದೂ ಹಾಗೆಯೇ.

ಫಾರ್ವರ್ಡ್ 1: "ಹೇಳಿಕೊಟ್ಟರೆ ಮಕ್ಕಳು ಪ್ರಯೋಗ ಮಾಡಿ ನೋಡುತ್ತಾರೆ"

ನಿಜವೇನು? ಬೇರೆ ಬೇರೆ ದೇಶಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಯುನೆಸ್ಕೊ 2018ರ ಆ ಮಾರ್ಗಸೂಚಿಯಲ್ಲೇ ಉತ್ತರ ಕೊಟ್ಟಿದೆ: ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ, ಸೋಂಕಿನ ಪ್ರಮಾಣವೂ ಏರುವುದಿಲ್ಲ. ಸರಿಯಾಗಿ ಕಲಿಸಿದ ಕಡೆ ಮೊದಲ ಸಂಪರ್ಕದ ವಯಸ್ಸು ಮುಂದಕ್ಕೆ ಹೋಗುತ್ತದೆ, ಕಾಂಡೋಮ್ ಬಳಕೆ ಹೆಚ್ಚುತ್ತದೆ. "ಮದುವೆವರೆಗೆ ಬೇಡ" ಎಂದಷ್ಟೇ ಬೋಧಿಸಿದ ಕಾರ್ಯಕ್ರಮಗಳಿಂದ ಅಂಥ ಪ್ರಯೋಜನ ಕಂಡಿಲ್ಲ.

2024ರ ಸೆಪ್ಟೆಂಬರ್ 23ರಂದು ಮಕ್ಕಳ ಅಶ್ಲೀಲ ಚಿತ್ರಗಳ ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಲೈಂಗಿಕ ಶಿಕ್ಷಣದ ಬಗ್ಗೆ ಇರುವ ತಪ್ಪು ಕಲ್ಪನೆಗಳನ್ನು ಪ್ರಸ್ತಾಪಿಸಿ, ಸಮಗ್ರ ಲೈಂಗಿಕ ಶಿಕ್ಷಣ ಜಾರಿಗೆ ತರುವುದನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಸಲಹೆ ಕೊಟ್ಟಿತು.

ಒಲೆಯ ಹತ್ತಿರ ಹೋಗುವ ಮಗುವಿಗೆ ಬೆಂಕಿ ಸುಡುತ್ತದೆ ಎಂದು ಹೇಳುತ್ತೇವೆ. ಹೇಳಿದ್ದಕ್ಕೆ ಮಗು ಮನೆಗೆ ಬೆಂಕಿ ಹಚ್ಚೀತು ಎಂದು ಯಾರೂ ಹೆದರುವುದಿಲ್ಲ.

ಫಾರ್ವರ್ಡ್ 2: "ಇದೆಲ್ಲ ವಿದೇಶಿ, ನಮ್ಮ ಸಂಸ್ಕೃತಿಯಲ್ಲ"

ನಿಜವೇನು? ಸರ್ಕಾರವೇ ನಡೆಸುವ ಸಂತಾನ ನಿಯಂತ್ರಣ ಚಿಕಿತ್ಸಾಲಯ ಜಗತ್ತಿನಲ್ಲಿ ಮೊದಲು ಶುರುವಾಗಿದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ನಮ್ಮ ಮೈಸೂರು ಸಂಸ್ಥಾನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 1930ರ ಜೂನ್‌ನಲ್ಲಿ ಸಂಸ್ಥಾನದ ಸರ್ಕಾರ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಇಂಥ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು.

ಕನ್ನಡದಲ್ಲಿ ಬರೆದವರೂ ಇದ್ದರು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರ 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ತಾಯಿ-ಮಗು' ಪುಸ್ತಕಗಳನ್ನು ನಮ್ಮ ಅಜ್ಜಿ, ಅಮ್ಮಂದಿರ ತಲೆಮಾರು ಓದಿದೆ. ಬೀರುವಿನಲ್ಲಿ ಸೀರೆಯ ಅಡಿ ಇಟ್ಟುಕೊಂಡಾದರೂ ಓದಿದೆ.

ಇನ್ನು ಆಚರಣೆಯ ಮಾತು. ಹುಡುಗಿ ದೊಡ್ಡವಳಾದರೆ ಹಸೆಮಣೆಯ ಮೇಲೆ ಕೂರಿಸಿ ಆರತಿ ಮಾಡುತ್ತಿದ್ದೆವು. ಚಿಗಳಿ, ತಂಬಿಟ್ಟು, ಕೊಬ್ಬರಿ-ಬೆಲ್ಲ ಕೊಟ್ಟು ಊರಿಗೆಲ್ಲ ಹೇಳುತ್ತಿದ್ದೆವು. ತನ್ನ ಮೈಯಲ್ಲಿ ಆಗಿದ್ದೇನು ಎಂದು ಆ ಹುಡುಗಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ವಿಷಯ ನಮಗೆ ಹೊಸದಲ್ಲ, ಅದನ್ನು ಮಕ್ಕಳಿಗೆ ಬಿಡಿಸಿ ಹೇಳುವುದಷ್ಟೇ ಹೊಸದು.

ಫಾರ್ವರ್ಡ್ 3: "ಒಂದು ಹನಿ ವೀರ್ಯಕ್ಕೆ ನೂರು ಹನಿ ರಕ್ತ ಬೇಕು"

ಇದು ಮೊಬೈಲ್ ಬರುವ ಮೊದಲಿನ ಫಾರ್ವರ್ಡ್. ಬನ್ನೇರುಘಟ್ಟ ರಸ್ತೆಯ ಬಸ್ ನಿಲ್ದಾಣದ ಹಿಂದೆ, ವಿದ್ಯುತ್ ಕಂಬದ ಮೇಲೆ, ಸಾರ್ವಜನಿಕ ಶೌಚಾಲಯದ ಬಾಗಿಲಲ್ಲಿ ಅಂಟಿಸಿರುವ "ಗುಪ್ತರೋಗ", "ನರದೌರ್ಬಲ್ಯ", "ಹಸ್ತಮೈಥುನದಿಂದ ಹಾಳಾಗಿದ್ದೀರಾ?" ಪೋಸ್ಟರ್‌ಗಳನ್ನು ನೀವೂ ನೋಡಿರುತ್ತೀರಿ. ಈಗ ಅದೇ ಪೋಸ್ಟರ್ ರೀಲ್ಸ್ ಆಗಿ ಹುಡುಗರ ಫೋನಿಗೆ ಬರುತ್ತಿದೆ.

ನಿಜವೇನು? ರಕ್ತ ವೀರ್ಯವಾಗಿ ಮಾರ್ಪಡುವುದಿಲ್ಲ. ವೀರ್ಯಾಣುಗಳು ವೃಷಣದಲ್ಲಿ ದಿನವೂ ತಯಾರಾಗುತ್ತಲೇ ಇರುತ್ತವೆ. ಒಂದು ವೀರ್ಯಾಣು ಬೆಳೆದು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಒಮ್ಮೆ ಹೊರಬರುವ ವೀರ್ಯ ಸಾಮಾನ್ಯವಾಗಿ 1.5ರಿಂದ 5 ಮಿಲಿಲೀಟರ್. ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಅದರ ಬಹುಪಾಲು ಪ್ರಾಸ್ಟೇಟ್ ಮತ್ತಿತರ ಗ್ರಂಥಿಗಳ ದ್ರವ. ಹೊರಹೋದದ್ದು ಮತ್ತೆ ತುಂಬಿಕೊಳ್ಳುತ್ತದೆ. ಸ್ವಪ್ನಸ್ಖಲನ ಹದಿಹರೆಯದ ಸಹಜ ಲಕ್ಷಣ. ಹಸ್ತಮೈಥುನದಿಂದ ಕಣ್ಣು ಮಂಜಾಗುವುದಿಲ್ಲ, ನೆನಪು ಹೋಗುವುದಿಲ್ಲ, ಮುಂದೆ ಮಕ್ಕಳಾಗದೇ ಇರುವುದಿಲ್ಲ.

ಕಾಯಿಲೆ ಇಲ್ಲದಿದ್ದರೂ "ಧಾತು ಹೋಗುತ್ತಿದೆ" ಎಂಬ ಭಯ ಮಾತ್ರ ನಿಜ. ಆ ಭಯದಿಂದಲೇ ಸುಸ್ತು, ನಿದ್ರೆ ಇಲ್ಲದಿರುವುದು, ಎದೆ ಬಡಿತ ಬರುತ್ತವೆ. ನಮ್ಮ ಭಾಗದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ 'ಧಾತ್ ಸಿಂಡ್ರೋಮ್' ಎಂದೇ ಹೆಸರಿಟ್ಟರು.

ನನ್ನ ದೊಡ್ಡಮ್ಮನ ಮಗ ಪಿಯುಸಿಯಲ್ಲಿದ್ದಾಗ ಇಂಥ ಒಂದು ಪೋಸ್ಟರ್ ನಂಬಿದ. ಬಸ್ ಪಾಸಿಗೆ, ಟ್ಯೂಷನ್ನಿಗೆ ಎಂದು ದುಡ್ಡು ಕೇಳಿ ತಿಂಗಳುಗಟ್ಟಲೆ ಒಂದು ಪುಡಿ ಕೊಂಡು ತಿಂದ. ಹೊಟ್ಟೆ ಕೆಟ್ಟಿತು, ಅಂಕ ಕಡಿಮೆಯಾದವು. ಮನೆಯಲ್ಲಿ "ಮೊಬೈಲ್ ಜಾಸ್ತಿಯಾಯ್ತು" ಎಂದು ಬೈದರು. ಕೊನೆಗೆ ಒಬ್ಬ ವೈದ್ಯರು ಐದು ನಿಮಿಷ ಕೂರಿಸಿ ಮಾತಾಡಿ, "ನಿನಗೆ ಏನೂ ಆಗಿಲ್ಲಪ್ಪ" ಎಂದರಂತೆ. ಇದನ್ನು ಅವನು ನನಗೆ ಹೇಳಿದ್ದು ಕೆಲಸಕ್ಕೆ ಸೇರಿದ ಮೇಲೆ. "ಆ ಐದು ನಿಮಿಷ ಅಪ್ಪ ಮಾತಾಡಿದ್ದಿದ್ದರೆ ಸಾಕಿತ್ತು" ಎಂದ.

ಒಂದು ವಿಷಯ ನೆನಪಿಡಿ: ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಗೋಡೆಯಾದರೂ ಅಷ್ಟೆ, ರೀಲ್ಸ್ ಆದರೂ ಅಷ್ಟೆ.

ಫಾರ್ವರ್ಡ್ 4: "ಮುಟ್ಟಿನ ರಕ್ತ ಕೆಟ್ಟ ರಕ್ತ"

ನಿಜವೇನು? ಗರ್ಭ ನಿಂತರೆ ಇರಲಿ ಎಂದು ಗರ್ಭಕೋಶ ಪ್ರತಿ ತಿಂಗಳೂ ಒಳಗೋಡೆಯಲ್ಲಿ ಒಂದು ಪದರವನ್ನು ಸಿದ್ಧಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಸ್ವಲ್ಪ ರಕ್ತದ ಜೊತೆ ಹೊರಬರುತ್ತದೆ. ಅದರಲ್ಲಿ ವಿಷವೂ ಇಲ್ಲ, ಕೊಳಕೂ ಇಲ್ಲ. ಒಂದು ಬಾರಿಯ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿಲಿಲೀಟರ್. ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುವುದಿಲ್ಲ, ತುಳಸಿ ಒಣಗುವುದಿಲ್ಲ. ತಲೆಸ್ನಾನ ಮಾಡಬಹುದು, ಆಟ ಆಡಬಹುದು, ಮೊಸರು ತಿನ್ನಬಹುದು.

ಪ್ಯಾಡ್ ಅಥವಾ ಬಟ್ಟೆ ಯಾವುದಾದರೂ ಸರಿ, 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯನ್ನು ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಯಾರ ಕಣ್ಣಿಗೂ ಬೀಳದಿರಲಿ ಎಂದು ಬಚ್ಚಲಿನ ಮೂಲೆಯಲ್ಲಿ ಒಣಹಾಕುವುದರಿಂದಲೇ ತೊಂದರೆ ಶುರುವಾಗುತ್ತದೆ. ಸರ್ಕಾರಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಪ್ಯಾಡ್ ಕೊಡಲು ರಾಜ್ಯ ಸರ್ಕಾರ 2013–14ರಲ್ಲಿ 'ಶುಚಿ' ಯೋಜನೆ ತಂದಿದ್ದೂ ಇದೇ ಕಾರಣಕ್ಕೆ.

ವೈದ್ಯರನ್ನು ಯಾವಾಗ ಕಾಣಬೇಕು? 15 ವರ್ಷ ದಾಟಿದರೂ ಮುಟ್ಟಾಗದಿದ್ದರೆ, ಎಂಟು ದಿನ ಮೀರಿ ರಕ್ತ ಹೋಗುತ್ತಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ, ನೋವಿಗೆ ಶಾಲೆ ತಪ್ಪಿಸುವಂತಾದರೆ. "ಮದುವೆಯಾದ ಮೇಲೆ ಸರಿಹೋಗುತ್ತೆ" ಎನ್ನುವುದು ಚಿಕಿತ್ಸೆಯಲ್ಲ.

ಫಾರ್ವರ್ಡ್ 5: "ಒಂದು ಮಾತ್ರೆ ನುಂಗಿದರೆ ಎಲ್ಲ ಸರಿಹೋಗುತ್ತದೆ"

ಇದು ದೊಡ್ಡವರ ಗ್ರೂಪಿಗೆ ಬರುವುದಿಲ್ಲ, ಕಾಲೇಜಿನವರ ಫೋನಿಗೆ ಬರುತ್ತದೆ. ಇಲ್ಲಿ ಎರಡು ಬೇರೆ ಬೇರೆ ಮಾತ್ರೆಗಳು ಒಂದಕ್ಕೊಂದು ಕಲೆತುಹೋಗಿವೆ.

ಒಂದು, ತುರ್ತು ಗರ್ಭನಿರೋಧಕ ಮಾತ್ರೆ. ಅಸುರಕ್ಷಿತ ಸಂಪರ್ಕವಾದ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ತೆಗೆದುಕೊಳ್ಳುವಂಥದ್ದು. ಅಂಡಾಣು ಬಿಡುಗಡೆಯನ್ನು ಮುಂದಕ್ಕೆ ಹಾಕಿ ಗರ್ಭ ನಿಲ್ಲದಂತೆ ತಡೆಯುತ್ತದೆ. ಆಗಲೇ ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ. ಎಚ್‌ಐವಿ ಅಥವಾ ಬೇರೆ ಸೋಂಕನ್ನು ತಡೆಯುವುದಿಲ್ಲ. ಪದೇಪದೇ ಬಳಸುವುದಕ್ಕೂ ಅಲ್ಲ. ಗರ್ಭ ಮತ್ತು ಸೋಂಕು ಎರಡನ್ನೂ ತಡೆಯುವುದು ಕಾಂಡೋಮ್.

ಇನ್ನೊಂದು, ಗರ್ಭಪಾತದ ಮಾತ್ರೆ. ಇದನ್ನು ವೈದ್ಯರು ಪರೀಕ್ಷೆ ಮಾಡಿಯೇ ಕೊಡಬೇಕು. ಯಾರಿಗೂ ಗೊತ್ತಾಗದಿರಲಿ ಎಂದು ಕದ್ದು ತಂದು ನುಂಗಿದರೆ ಗರ್ಭಪಾತ ಅರ್ಧಕ್ಕೆ ನಿಂತು ವಿಪರೀತ ರಕ್ತಸ್ರಾವ ಆಗಬಹುದು. ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ಬೆಳೆಯುತ್ತಿದ್ದರೆ ಈ ಮಾತ್ರೆಯಿಂದ ಅದು ಹೋಗುವುದೇ ಇಲ್ಲ, ಜೀವಕ್ಕೇ ಅಪಾಯ.

"ಮದುವೆಯಾಗದವರಿಗೆ ಗರ್ಭಪಾತ ಮಾಡುವುದಿಲ್ಲ" ಎಂಬುದೂ ತಪ್ಪು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಸುರಕ್ಷಿತ ಗರ್ಭಪಾತದ ವಿಷಯದಲ್ಲಿ ಮದುವೆಯಾದವರು, ಆಗದವರು ಎಂದು ಭೇದ ಮಾಡುವಂತಿಲ್ಲ ಎಂದಿತು. 18ರ ಒಳಗಿನವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ವೈದ್ಯರು ಪೊಲೀಸರಿಗೆ ತಿಳಿಸಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಹೆಸರು, ಗುರುತು ಕೊಡಬೇಕಾಗಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಮಾನ ಹೋಗುತ್ತದೆಂದು ಮನೆಯಲ್ಲೇ ಕೈಮದ್ದು ಮಾಡುವವರಿಗೆ ಈ ಒಂದು ವಾಕ್ಯ ತಲುಪಿದರೆ ಒಂದು ಜೀವ ಉಳಿದೀತು.

ಫಾರ್ವರ್ಡ್ 6: "ಅಪರಿಚಿತರಿಂದ ಮಗುವನ್ನು ಕಾಪಾಡಿ"

ಅರ್ಧ ನಿಜ. ಅರ್ಧ ನಿಜವಾದ್ದರಿಂದಲೇ ಅಪಾಯ. ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳನ್ನು ನೋಡಿದರೆ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳು ವರ್ಷವೂ ಹೇಳುತ್ತಿವೆ. ನೆಂಟ, ನೆರೆಯವನು, ಟ್ಯೂಷನ್ ಹೇಳುವವನು, ವ್ಯಾನ್ ಓಡಿಸುವವನು.

"ಗಂಡುಮಕ್ಕಳಿಗೇನು ಭಯ" ಎನ್ನುವಂತೆಯೂ ಇಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. 53 ಶೇಕಡಾ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು.

ಹಾಗಾದರೆ ಮಗುವಿಗೆ ಕಲಿಸಬೇಕಾದದ್ದು "ಯಾರು ಕೆಟ್ಟವರು" ಎಂದಲ್ಲ, "ಯಾವುದು ತಪ್ಪು" ಎಂದು. ಯಾರೇ ಆಗಲಿ, ಮಾಮನಾಗಲಿ ಮೇಷ್ಟ್ರಾಗಲಿ, ಖಾಸಗಿ ಭಾಗ ಮುಟ್ಟಿದರೆ, ತಮ್ಮದನ್ನು ಮುಟ್ಟು ಎಂದರೆ, "ಅಮ್ಮನಿಗೆ ಹೇಳಬೇಡ" ಎಂದರೆ ಅದು ತಪ್ಪು. ಅದಕ್ಕೆ ಮೊದಲು ಮಗುವಿಗೆ ಹೆಸರುಗಳು ಗೊತ್ತಿರಬೇಕು. ನಾವು ಆ ಭಾಗಕ್ಕೆ ಇಟ್ಟಿರುವ ಹೆಸರೇ "ಶೇಮ್ ಶೇಮ್". ನಾಳೆ ಯಾರಾದರೂ ಅಲ್ಲಿ ಮುಟ್ಟಿದರೆ ಮಗುವಿಗೆ ಮೊದಲು ನೆನಪಾಗುವುದು ನಾಚಿಕೆ, ಅಮ್ಮನಲ್ಲ.

ಫಾರ್ವರ್ಡ್ 7: "ಈ ಪಾಪಿ ಸಿಗುವವರೆಗೂ ವಿಡಿಯೊ ಶೇರ್ ಮಾಡಿ"

ನಮ್ಮ ಕುಟುಂಬದ ಗ್ರೂಪಿಗೇ ಒಮ್ಮೆ ಇದು ಬಂದಿತ್ತು. ಒಂದು ಪುಟ್ಟ ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವ ವಿಡಿಯೊ. ಕಳಿಸಿದವರು ಅತ್ತೆ. ಕರುಳು ಕಿವುಚಿ ಬಂದೇ ಕಳಿಸಿದ್ದರು. ಆದರೆ ಆ ಮಗುವಿನ ಸಂಕಟವನ್ನು ಮೂವತ್ತೆರಡು ಜನ ನೋಡಿದೆವು.

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಮಗುವಿನ ಲೈಂಗಿಕ ದೌರ್ಜನ್ಯದ ವಿಡಿಯೊವನ್ನು ಯಾವ ಉದ್ದೇಶಕ್ಕೇ ಆಗಲಿ ಫಾರ್ವರ್ಡ್ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಮತ್ತು ಪೋಕ್ಸೊ ಕಾಯ್ದೆಯಡಿ ಅಪರಾಧ. ಅಳಿಸದೆ, ದೂರು ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಪೋಕ್ಸೊದ 15ನೇ ಸೆಕ್ಷನ್ ಪ್ರಕಾರ ಅಪರಾಧವೇ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಮಗುವಿನ ಹೆಸರು, ಫೋಟೊ, ಶಾಲೆ, ಬೀದಿ ಬಹಿರಂಗಪಡಿಸುವುದೂ ತಪ್ಪು. ಪಾಪಿ ಜೈಲಿಗೆ ಹೋದ ಮೇಲೂ ಆ ವಿಡಿಯೊ ಓಡಾಡುತ್ತಲೇ ಇರುತ್ತದೆ, ಮಗು ಅದರ ಜೊತೆ ಬೆಳೆಯಬೇಕಾಗುತ್ತದೆ.

ಅಂಥದ್ದು ಬಂದರೆ ಯಾರಿಗೂ ಕಳಿಸಬೇಡಿ. ಯಾವ ನಂಬರಿನಿಂದ, ಯಾವ ಗ್ರೂಪಿನಲ್ಲಿ, ಯಾವಾಗ ಬಂತು ಎಂದು ಬರೆದಿಟ್ಟುಕೊಂಡು ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಿ, ನಂತರ ಫೋನಿನಿಂದ ಅಳಿಸಿ. ಕಳಿಸಿದವರಿಗೂ ಮೆತ್ತಗೆ ತಿಳಿಹೇಳಿ. ನಾನು ಅತ್ತೆಗೆ ಫೋನ್ ಮಾಡಿ ಹೇಳಿದೆ. ಮೊದಲು ಬೇಜಾರಾದರು, ಆಮೇಲೆ ತಾವೇ ಇನ್ನೆರಡು ಗ್ರೂಪಿನಿಂದ ಅಳಿಸಿದರು.

ಪೋಷಕರಿಗೆ ಗೊತ್ತಿರಬೇಕಾದ ಕಾನೂನು

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳು. ಗಂಡು, ಹೆಣ್ಣು ಎಂಬ ಭೇದವಿಲ್ಲ. ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. "ಮನೆ ವಿಷಯ, ಮನೆಯಲ್ಲೇ ಮುಗಿಸೋಣ" ಎನ್ನುವಂತಿಲ್ಲ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೇ ಆದರೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕಾದ್ದರಿಂದ "ನಾಳೆ ನೋಡೋಣ" ಎನ್ನಬೇಡಿ.

ಮಕ್ಕಳಿಗೂ ಹೇಳಬೇಕಾದ ಮಾತೊಂದಿದೆ. ಇಬ್ಬರೂ ಇಷ್ಟಪಟ್ಟೇ ಸೇರಿದ್ದರೂ, ಒಬ್ಬರಿಗೆ 18 ಆಗಿರದಿದ್ದರೆ ಆ ಒಪ್ಪಿಗೆಯನ್ನು ಕಾನೂನು ಒಪ್ಪುವುದಿಲ್ಲ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪ್ರೀತಿಸಿ ಹೋದರೆ ಹುಡುಗನ ಮೇಲೆ ಪೋಕ್ಸೊ ಪ್ರಕರಣ ದಾಖಲಾಗಬಹುದು. ಇದನ್ನು ಹೆದರಿಸಲು ಬಳಸಬೇಡಿ, ಮುಂಚೆಯೇ ತಿಳಿಸಿ. ಟ್ರಾಫಿಕ್ ನಿಯಮ ಹೇಳಿಕೊಡುವುದು ಗಾಡಿ ಕೊಡುವ ಮೊದಲು ತಾನೆ?

ಮನೆಯಲ್ಲಿ ಹೇಗೆ ಮಾತಾಡುವುದು?

ಒಂದು ದಿನ ಕೂರಿಸಿ ಭಾಷಣ ಮಾಡುವುದು ಬೇಡ. ಅನ್ನ ಬಸಿಯುವಾಗ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ, ಟಿವಿಯಲ್ಲಿ ಪ್ಯಾಡಿನ ಜಾಹೀರಾತು ಬಂದಾಗ ಎರಡೆರಡು ಮಾತು ಸಾಕು.

"ಅಮ್ಮ, ಪಾಪು ಎಲ್ಲಿಂದ ಬರುತ್ತೆ?" ಎಂದು ಐದು ವರ್ಷದ ಮಗು ಕೇಳಿದರೆ: "ಅಮ್ಮನ ಹೊಟ್ಟೇಲಿ ಗರ್ಭಕೋಶ ಅಂತ ಒಂದು ಚೀಲ ಇರುತ್ತೆ ಪುಟ್ಟ, ಅಲ್ಲಿ ಬೆಳೆಯುತ್ತೆ." ಅಷ್ಟೇ ಸಾಕು. ಇನ್ನೂ ಬೇಕಿದ್ದರೆ ಅದೇ ಕೇಳುತ್ತದೆ.

ಹನ್ನೊಂದರ ಮಗನಿಗೆ ಅಪ್ಪ: "ರಾತ್ರಿ ಚಡ್ಡಿ ಒದ್ದೆಯಾದ್ರೆ ಗಾಬರಿ ಆಗ್ಬೇಡ ಕಣೋ. ನನಗೂ ಆಗ್ತಿತ್ತು. ಎದ್ದು ಬಟ್ಟೆ ಬದಲಾಯಿಸ್ಕೊ, ಅಷ್ಟೆ."

ಫೋಟೊ ಕಳಿಸಿ ಸಿಕ್ಕಿಹಾಕಿಕೊಂಡ ಮಗಳಿಗೆ: "ನೀನು ನನಗೆ ಹೇಳಿದ್ದು ಒಳ್ಳೇದಾಯ್ತಮ್ಮ. ಬೈಯೋದಿಲ್ಲ. ಈಗ ಏನು ಮಾಡೋಣ ಅಂತ ನೋಡೋಣ." ಹೆದರಿಸುತ್ತಿರುವವನಿಗೆ ದುಡ್ಡು ಕೊಡಬೇಡಿ, ಅವನ ಸಂದೇಶಗಳನ್ನು ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.

ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಸರಿಯಾಗಿ ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎನ್ನಿ. ಎರಡು ದಿನದೊಳಗೆ ಕೇಳಿ ಹೇಳಿ. "ಬಾಯ್ಮುಚ್ಚು" ಎಂದು ಒಮ್ಮೆ ಅಂದರೆ ಆ ಮಗು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ಸಹಾಯ ಎಲ್ಲಿ ಸಿಗುತ್ತದೆ?

ಫೋನಿನಲ್ಲಿ:
1098 – ಮಕ್ಕಳ ಸಹಾಯವಾಣಿ. ಮಗುವೇ ಕರೆ ಮಾಡಬಹುದು.
112 – ತುರ್ತು ಪೊಲೀಸ್ ನೆರವು.
14416 – ಟೆಲಿ ಮಾನಸ್. ಭಯ, ಆತಂಕ, ಸಾಯಬೇಕೆನಿಸುವ ಯೋಚನೆ ಬಂದರೆ. ಕನ್ನಡದಲ್ಲೇ ಮಾತಾಡಬಹುದು.
104 – ಆರೋಗ್ಯ ಸಹಾಯವಾಣಿ.
1097 – ಎಚ್‌ಐವಿ, ಏಡ್ಸ್ ಮಾಹಿತಿ.
1930 – ಸೈಬರ್ ಅಪರಾಧ. ಫೋಟೊ ಇಟ್ಟುಕೊಂಡು ದುಡ್ಡು ಕೇಳುವವರ ಕಾಟಕ್ಕೂ.

ಸರ್ಕಾರಿ ಆಸ್ಪತ್ರೆಯಲ್ಲಿ: ಕೇಂದ್ರದ ಹದಿಹರೆಯದವರ ಆರೋಗ್ಯ ಕಾರ್ಯಕ್ರಮ 2014ರ ಜನವರಿಯಲ್ಲಿ ಶುರುವಾಯಿತು. ಅದರಡಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. 10ರಿಂದ 19 ವರ್ಷದವರಿಗೆ ಸಲಹೆ, ಚಿಕಿತ್ಸೆ ಉಚಿತ.

ಅರೆಕೆರೆಯ ಸುತ್ತಮುತ್ತ: ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ಪ್ರಾಧ್ಯಾಪಕರಾಗಿದ್ದ, ಮನಸ್ಸಿನ ವಿಷಯವನ್ನು ಕನ್ನಡದಲ್ಲಿ ನೂರಾರು ಪುಸ್ತಕಗಳಲ್ಲಿ ಬಿಡಿಸಿ ಹೇಳಿದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಕಟ್ಟಿದ 'ಸಮಾಧಾನ' ಆಪ್ತಸಲಹಾ ಕೇಂದ್ರ ಇರುವುದು ನಮ್ಮ ಅರೆಕೆರೆಯಲ್ಲೇ. ಅಲ್ಲಿ ಸಲಹೆ ಉಚಿತ. ಪಕ್ಕದ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ 'ಸೆಂಟರ್ ಫಾರ್ ವೆಲ್‌ಬೀಯಿಂಗ್' ಇದೆ. ಎರಡು ಕಡೆಯೂ ಹೋಗುವ ಮೊದಲು ಸಮಯ ವಿಚಾರಿಸಿಕೊಳ್ಳಿ.

ಶಾಲೆಗಳಿಗೆ: ಸ್ತ್ರೀರೋಗ ತಜ್ಞೆಯರಾದ ಡಾ. ಸಂಗೀತಾ ಸಕ್ಸೇನಾ ಮತ್ತು ಡಾ. ಶೈಬ್ಯಾ ಸಲ್ಡಾನಾ 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ 'ಎನ್‌ಫೋಲ್ಡ್' ಟ್ರಸ್ಟ್ ಮಕ್ಕಳಿಗೆ, ಶಿಕ್ಷಕರಿಗೆ ಸುರಕ್ಷತೆ ಮತ್ತು ಲೈಂಗಿಕತೆಯ ತರಬೇತಿ ಕೊಡುತ್ತಾ ಬಂದಿದೆ. 8ರಿಂದ 12ನೇ ತರಗತಿಯವರಿಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ರಾಜ್ಯದ ಶಿಕ್ಷಣ ಸಚಿವರು 2025ರಲ್ಲಿ ಹೇಳಿದ್ದಾರೆ. ನಿಮ್ಮ ಮಗುವಿನ ಶಾಲೆಯಲ್ಲಿ ಅದು ನಡೆಯುತ್ತಿದೆಯೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ.

ಫಾರ್ವರ್ಡ್ ಮಾಡುವ ಮುನ್ನ

ಈ ವಿಷಯದ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ವೈದ್ಯರು, ಯಾವ ಇಲಾಖೆ ಹೇಳಿದ್ದು? ಇದರಲ್ಲಿ ಯಾವುದಾದರೂ ಮಗುವಿನ ಗುರುತು ಇದೆಯೇ? ಇದನ್ನು ಓದಿದ ಮಗುವಿಗೆ ಭಯ ಹುಟ್ಟುತ್ತದೆಯೇ, ದಾರಿ ಕಾಣುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಅಲ್ಲಿಗೇ ಬಿಡಿ. ಎರಡನೆಯದಕ್ಕೆ "ಹೌದು" ಎಂದಾದರೆ ಯಾರಿಗೂ ಕಳಿಸದೆ ದೂರು ಕೊಡಿ.

ಕಳಿಸಲೇಬೇಕು ಎನಿಸಿದರೆ ಮೇಲಿನ ಆರು ನಂಬರುಗಳನ್ನು ಕಳಿಸಿ. ಅದಕ್ಕೂ ಮೊದಲು, ಪಕ್ಕದ ಕೋಣೆಯಲ್ಲಿರುವ ನಿಮ್ಮ ಮಗುವಿನ ಫೋನಿನಲ್ಲಿ 1098 ಸೇವ್ ಮಾಡಿಕೊಡಿ. ಯಾಕೆ ಎಂದು ಅದು ಕೇಳುತ್ತದೆ. ಮಾತು ಅಲ್ಲಿಂದಲೇ ಶುರುವಾಗಲಿ.